ಗೋಡೆ ಉಳಿಸಿದ ಊರು, ಮಾತು ಉಳಿಸಿದ ಜನ

(ಯುವಕ ಯುವತಿಯರ ಭಾನುವಾರದ ಕೂಟದಲ್ಲಿ ಆಡಿದ ಮಾತಿನ ಬರಹ ರೂಪ)



ಅಮೆರಿಕದಲ್ಲಿ ಎರಡು ವರ್ಷ ಇದ್ದು ಬಂದಿದ್ದೀರಿ, ಅಲ್ಲಿನ ಅನುಭವ ಹೇಳಿ ಎಂದು ನಿಮ್ಮ ಬಳಗದವರು ಕೇಳಿದಾಗ ನನಗೆ ಮುಜುಗರವಾಯಿತು. ಅಮೆರಿಕ ಕಂಡು ಬಂದವರ ಭಾಷಣ ಹೇಗಿರುತ್ತದೆಂದು ನಿಮಗೆ ಗೊತ್ತೇ ಇದೆ. ರಸ್ತೆ ಕನ್ನಡಿಯ ಹಾಗಿದೆ, ಯಾರೂ ಹಾರನ್ ಹೊಡೆಯುವುದಿಲ್ಲ, ನಮ್ಮ ಊರು ಯಾವಾಗ ಹಾಗಾಗುತ್ತದೋ! ಆ ಭಾಷಣ ನಾನು ಮಾಡುವುದಿಲ್ಲ. ನಾನು ಹೇಳಲಿರುವುದು ಒಂದು ಹಳೆಯ ಊರಿನ ಕತೆ. ಆ ಊರಿನ ಕಟ್ಟಡಗಳ ಹಿಂದೆ ಅಡಗಿ ಕುಳಿತ ಒಂದು ಭಾಷೆಯ ಕತೆ.

ಊರಿನ ಹೆಸರು ಚಾರ್ಲ್‌ಸ್ಟನ್. ಅಮೆರಿಕದ ದಕ್ಷಿಣ ಕೆರೊಲಿನಾ ರಾಜ್ಯದಲ್ಲಿ, ಅಟ್ಲಾಂಟಿಕ್ ಸಮುದ್ರದ ದಂಡೆಯಲ್ಲಿದೆ. ಕಂಪನಿ ಕೆಲಸದ ಮೇಲೆ ಅಲ್ಲಿಗೆ ಹೋದ ಮೊದಲ ವಾರ ಪೇಟೆ ಸುತ್ತುತ್ತಿದ್ದೆ. ಒಂದು ತಿಂಡಿ ಅಂಗಡಿಯ ಡಬ್ಬದ ಮೇಲೆ ಇಂಗ್ಲಿಷ್ ಅಕ್ಷರದಲ್ಲಿ 'ಬೆನ್ನೆ' ಎಂದು ಬರೆದಿತ್ತು. ಓಹೋ, ನಮ್ಮ ಬೆಣ್ಣೆ ಬಿಸ್ಕತ್ತು ಇಲ್ಲಿಗೂ ಬಂದಿದೆ ಎಂದು ಖುಷಿಯಿಂದ ಕೊಂಡೆ. ಬಾಯಿಗಿಟ್ಟರೆ ಎಳ್ಳು! ಅಂಗಡಿಯವನನ್ನು ಕೇಳಿದೆ. ಅವನು ನಕ್ಕು, "ಅದನ್ನು ಬೆನ್ನಿ ಅನ್ನಬೇಕು. ಎಳ್ಳಿಗೆ ನಾವು ಇಲ್ಲಿ ಹಾಗೇ ಅನ್ನುವುದು. ಆಫ್ರಿಕದ ಮಾತು" ಅಂದ.

ಆಫ್ರಿಕದ ಮಾತು ಇಂಗ್ಲಿಷಿನ ಕೋಟೆಯೊಳಗೆ ಹೇಗೆ ಬಂತು? ಆ ಒಂದು ಎಳ್ಳಿನ ಕಾಳನ್ನು ಹಿಡಿದುಕೊಂಡು ನಾನು ಎರಡು ವರ್ಷ ಆ ಊರು ಸುತ್ತಿದೆ. ನನ್ನ ಜೊತೆ ನೀವೂ ಸ್ವಲ್ಪ ಸುತ್ತಿ.

ನೋಡಲು ಬಂದವರು ನೋಡುವುದು

ಚಾರ್ಲ್‌ಸ್ಟನ್ 1670ರಲ್ಲಿ ಹುಟ್ಟಿದ ಊರು. ಇಂಗ್ಲೆಂಡಿನ ಎರಡನೇ ಚಾರ್ಲ್ಸ್ ರಾಜನ ಹೆಸರು ಅದಕ್ಕೆ. ಆಶ್ಲಿ ಮತ್ತು ಕೂಪರ್ ಎಂಬ ಎರಡು ನದಿಗಳ ನಡುವೆ ನಾಲಗೆಯಂತೆ ಚಾಚಿಕೊಂಡಿರುವ ನೆಲ. ಮೂರು ಕಡೆ ನೀರು. ಬೇಸಿಗೆಯಲ್ಲಿ ನಮ್ಮ ಮಂಗಳೂರಿನ ಹಾಗೆಯೇ ಬೆವರು ಕಿತ್ತು ಬರುವ ಸೆಖೆ. ಕಡಲು ಉಕ್ಕಿದ ದಿನ ಮಳೆಯಿಲ್ಲದೆಯೂ ಹಳೇ ಪೇಟೆಯ ಬೀದಿಗಳಲ್ಲಿ ನೀರು ನಿಲ್ಲುತ್ತದೆ.

ಪ್ರವಾಸಿಗಳು ಕುದುರೆ ಗಾಡಿಯಲ್ಲಿ ಕುಳಿತು ಊರು ನೋಡುತ್ತಾರೆ. ಈಸ್ಟ್ ಬೇ ಬೀದಿಯಲ್ಲಿ ಸಾಲಾಗಿ ನಿಂತ 13 ಬಣ್ಣ ಬಣ್ಣದ ಮನೆಗಳು. ಅದಕ್ಕೆ ಕಾಮನಬಿಲ್ಲಿನ ಸಾಲು ಎಂದೇ ಹೆಸರು. ಅಗಲ ಕಡಿಮೆ, ಉದ್ದ ಹೆಚ್ಚು ಇರುವ ಮನೆಗಳು. ಗಾಳಿ ಬರಲೆಂದು ಪಕ್ಕಕ್ಕೆ ಉದ್ದನೆಯ ಪಡಸಾಲೆ. ಬಂದರಿನ ಬಾಯಲ್ಲಿ ಸಮ್ಟರ್ ಕೋಟೆ. ಅಮೆರಿಕದ ಅಂತರ್ಯುದ್ಧದ ಮೊದಲ ಗುಂಡು ಹಾರಿದ್ದು ಅಲ್ಲಿಯೇ, 1861ರ ಏಪ್ರಿಲಿನಲ್ಲಿ.

ಈ ಹಳೆಯ ಊರು ಇಂದಿಗೂ ಹಾಗೇ ನಿಂತಿರುವುದು ತಾನಾಗಿ ಅಲ್ಲ. 1931ರಲ್ಲಿ ಚಾರ್ಲ್‌ಸ್ಟನ್ ನಗರಸಭೆ ಒಂದು ಕಾನೂನು ಮಾಡಿತು. ಹಳೇ ಪೇಟೆಯನ್ನು ಐತಿಹಾಸಿಕ ವಲಯವೆಂದು ಗುರುತಿಸಿ, ಅಲ್ಲಿನ ಮನೆಗಳ ಹೊರಮುಖವನ್ನು ಬೇಕೆಂದಂತೆ ಬದಲಿಸಬಾರದು ಎಂದು ಕಟ್ಟುಪಾಡು ಹಾಕಿತು. ಇಡೀ ಅಮೆರಿಕದಲ್ಲಿ ಅಂಥ ಕಾನೂನು ಅದೇ ಮೊದಲು. ಹಳೆಯ ಕಟ್ಟಡಗಳನ್ನು ರಾತ್ರೋರಾತ್ರಿ ಕೆಡವಿ ಕಾಂಪ್ಲೆಕ್ಸ್ ಎಬ್ಬಿಸುವುದನ್ನು ಕಂಡವರು ನಾವು. ಭೇಷ್ ಅನ್ನೋಣ.

ಆದರೆ ಒಂದು ಪ್ರಶ್ನೆ ಕೇಳೋಣ. ಕಿಟಕಿಗೆ ಕಾನೂನು ಬಂತು, ಬಾಗಿಲಿಗೆ ಕಾನೂನು ಬಂತು. ಆ ಕಿಟಕಿ ಬಾಗಿಲು ಮಾಡಿದವರ ಬಾಯಲ್ಲಿದ್ದ ಮಾತಿಗೆ?

ಅನ್ನ ಯಾರದು, ಇಟ್ಟಿಗೆ ಯಾರದು

ಆ ಮನೆಗಳ ಇಟ್ಟಿಗೆಯನ್ನು ಹತ್ತಿರ ಹೋಗಿ ನೋಡಬೇಕು. ಕೆಲವು ಇಟ್ಟಿಗೆಗಳ ಮೇಲೆ ಬೆರಳಿನ ಗುರುತು ಇದೆ. ಹಸಿ ಇಟ್ಟಿಗೆಯನ್ನು ಬಿಸಿಲಿಗೆ ತಿರುವಿ ಹಾಕಿದ ಗುಲಾಮರ ಬೆರಳು. ಕೆಲವು ಗುರುತು ಬಹಳ ಚಿಕ್ಕವು. ಅವು ಮಕ್ಕಳ ಬೆರಳು.

ಚಾರ್ಲ್‌ಸ್ಟನ್ ಶ್ರೀಮಂತವಾದದ್ದು ಭತ್ತದಿಂದ. ಹೌದು, ನಮ್ಮ ಭತ್ತ! 'ಕೆರೊಲಿನಾ ಗೋಲ್ಡ್' ಎಂಬ ತಳಿ ಯುರೋಪಿನ ತನಕ ಹೆಸರು ಮಾಡಿತ್ತು. ಇಂಗ್ಲೆಂಡಿನಿಂದ, ಬಾರ್ಬಡೋಸ್ ದ್ವೀಪದಿಂದ ಬಂದ ಜಮೀನ್ದಾರರಿಗೆ ಭತ್ತದ ಬೇಸಾಯ ಗೊತ್ತಿರಲಿಲ್ಲ. ಪಶ್ಚಿಮ ಆಫ್ರಿಕದ ಸೆನೆಗಲ್, ಗ್ಯಾಂಬಿಯಾ, ಸಿಯೆರಾ ಲಿಯೋನ್ ಕಡೆಯ ಜನಕ್ಕೆ ಗೊತ್ತಿತ್ತು. ಅವರನ್ನು ಹಿಡಿದು, ಸರಪಳಿ ಹಾಕಿ, ಹಡಗಿನಲ್ಲಿ ತುಂಬಿ ತಂದರು. ಜೌಗು ನೆಲದಲ್ಲಿ ಒಡ್ಡು ಕಟ್ಟಿದವರು, ಕಡಲಿನ ಏರಿಳಿತ ನೋಡಿ ಗದ್ದೆಗೆ ಸಿಹಿ ನೀರು ಬಿಟ್ಟವರು, ಒನಕೆಯಲ್ಲಿ ಕುಟ್ಟಿದವರು, ಮೊರದಲ್ಲಿ ಕೇರಿದವರು ಎಲ್ಲ ಅವರೇ. 1708ರ ಹೊತ್ತಿಗೇ ಆ ವಸಾಹತಿನಲ್ಲಿ ಬಿಳಿಯರಿಗಿಂತ ಕಪ್ಪು ಜನ ಹೆಚ್ಚಿದ್ದರು. ಉತ್ತರ ಅಮೆರಿಕಕ್ಕೆ ಹೀಗೆ ತರಲಾದ ಆಫ್ರಿಕನ್ನರಲ್ಲಿ ಶೇಕಡಾ 40ರಷ್ಟು ಮಂದಿ ಈ ಒಂದೇ ಬಂದರಿನಲ್ಲಿ ಇಳಿದರೆಂದು ಅಂದಾಜು.

ಅವರು ಇಳಿದ ಒಂದು ಧಕ್ಕೆಯ ಹೆಸರು ಗ್ಯಾಡ್ಸ್‌ಡನ್ಸ್ ವಾರ್ಫ್. ಈಗ ಅದೇ ಜಾಗದಲ್ಲಿ ಆಫ್ರಿಕನ್ ಅಮೆರಿಕನ್ನರ ದೊಡ್ಡ ಮ್ಯೂಸಿಯಂ ಇದೆ. ಬಾಗಿಲು ತೆರೆದದ್ದು 2023ರಲ್ಲಿ. ಮನೆಗಳ ಬಣ್ಣ ಕಾಪಾಡಲು 1931, ಮನುಷ್ಯರನ್ನು ನೆನೆಯಲು 2023. ನಡುವೆ 92 ವರ್ಷ. ಲೆಕ್ಕ ನೀವೇ ಹಾಕಿ.

ಗಲ್ಲಾ ಅಂದರೆ ಪೆಟ್ಟಿಗೆ ಅಲ್ಲ

ಆ ಜನರ ಭಾಷೆಯ ಹೆಸರು ಗಲ್ಲಾ. ನಗಬೇಡಿ, ನಮ್ಮ ಅಂಗಡಿಯ ಗಲ್ಲಾಪೆಟ್ಟಿಗೆಗೂ ಇದಕ್ಕೂ ಸಂಬಂಧವಿಲ್ಲ. ಪಕ್ಕದ ಜಾರ್ಜಿಯ ರಾಜ್ಯದ ಕಡೆ ಇದನ್ನೇ ಗೀಚಿ ಅನ್ನುತ್ತಾರೆ.

ಬೇರೆ ಬೇರೆ ಕುಲ, ಬೇರೆ ಬೇರೆ ಭಾಷೆಯ ಜನರನ್ನು ಒಂದೇ ಗದ್ದೆಯಲ್ಲಿ ನಿಲ್ಲಿಸಿ ಚಾಟಿ ಹಿಡಿದರೆ ಅವರು ಒಬ್ಬರೊಡನೊಬ್ಬರು ಯಾವ ಮಾತು ಆಡಬೇಕು? ಧಣಿಯ ಇಂಗ್ಲಿಷಿನ ಪದ ತೆಗೆದುಕೊಂಡರು. ತಮ್ಮ ತಾಯ್ನುಡಿಗಳ ಪದ, ಉಚ್ಚಾರ, ವಾಕ್ಯದ ಕಟ್ಟು ಸೇರಿಸಿದರು. ಹೊಸದೊಂದು ಭಾಷೆ ಹುಟ್ಟಿತು. ಬೇಸಿಗೆ ಬಂತೆಂದರೆ ಮಲೇರಿಯಕ್ಕೆ ಹೆದರಿ ಧಣಿಗಳು ಗದ್ದೆ ಬಿಟ್ಟು ಪಟ್ಟಣ ಸೇರುತ್ತಿದ್ದರು. ಸುತ್ತಲಿನ ದ್ವೀಪಗಳಿಗೆ ಸೇತುವೆಯೂ ಇರಲಿಲ್ಲ. ಹೀಗಾಗಿ ಆ ಭಾಷೆ ತನ್ನ ಪಾಡಿಗೆ ತಾನು ಗಟ್ಟಿಯಾಯಿತು.

ಅದು ಒಡಕಲು ಇಂಗ್ಲಿಷ್ ಅಲ್ಲ ಎನ್ನಲು ಒಂದೇ ಉದಾಹರಣೆ ಸಾಕು. ನಮಗೆ ನೀನು ಬೇರೆ, ನೀವು ಬೇರೆ. ಇಂಗ್ಲಿಷಿನಲ್ಲಿ ಎರಡಕ್ಕೂ ಒಂದೇ 'ಯೂ'. ಗಲ್ಲಾದಲ್ಲಿ ನೀವೆಲ್ಲ ಅನ್ನುವುದಕ್ಕೆ 'ಊನಾ' ಎಂಬ ಬೇರೆ ಪದವಿದೆ. ನೈಜೀರಿಯದ ಇಗ್ಬೊ ಭಾಷೆಯಲ್ಲಿ ಅದು 'ಉನು'. ಇಂಗ್ಲಿಷಿಗೆ ಇಲ್ಲದ ಅನುಕೂಲ ಗಲ್ಲಾಕ್ಕೆ ಇದೆ! ಅಮೆರಿಕದವರು ಕಡಲೆಕಾಯಿಗೆ ಹೇಳುವ 'ಗೂಬರ್', ಬೆಂಡೆಕಾಯಿ ಹಾಕಿ ಮಾಡುವ 'ಗಂಬೊ', ನಾನು ಬೆಣ್ಣೆಯೆಂದು ಮೋಸಹೋದ 'ಬೆನ್ನಿ', ಎಲ್ಲವೂ ಆಫ್ರಿಕದ ಪದಗಳೇ. ಕಾನ್ವೆಂಟ್ ಶಾಲೆಯಲ್ಲಿ ಕಲಿತವರು 'ಕುಂಬಯಾ' ಹಾಡು ಹಾಡಿರುತ್ತೀರಿ. ಅದೂ ಈ ಕರಾವಳಿಯ ಕಪ್ಪು ಜನರ ಪ್ರಾರ್ಥನೆ. ಕುಂಬಯಾ ಎಂದರೆ 'ಇಲ್ಲಿಗೆ ಬಾ' ಎಂದು ದೇವರನ್ನು ಕರೆಯುವುದು. ಅರ್ಥ ತಿಳಿಯದೆ ಎಷ್ಟು ವರ್ಷ ಹಾಡಿದೆವು!

ಬರೆಯಲು ಕಲಿಸಿದರೆ ದಂಡ

1739ರಲ್ಲಿ ಚಾರ್ಲ್‌ಸ್ಟನ್ ಹತ್ತಿರದ ಸ್ಟೋನೊ ನದಿಯ ಬಳಿ ಗುಲಾಮರು ದಂಗೆ ಎದ್ದರು. ಡೋಲು ಬಡಿದು ಜನ ಕೂಡಿಸಿದರು. ದಂಗೆಯನ್ನು ಹತ್ತಿಕ್ಕಿದ ಮರು ವರ್ಷ, 1740ರಲ್ಲಿ, ಸರ್ಕಾರ ಹೊಸ ಕಾನೂನು ತಂದಿತು. ಗುಲಾಮರು ಡೋಲು ಬಾರಿಸುವಂತಿಲ್ಲ, ಕೊಂಬು ಊದುವಂತಿಲ್ಲ. ಗುಲಾಮನಿಗೆ ಬರೆಯಲು ಕಲಿಸಿದವನಿಗೆ 100 ಪೌಂಡ್ ದಂಡ. 1834ರಲ್ಲಿ ಓದಲು ಕಲಿಸುವುದೂ ಅಪರಾಧವಾಯಿತು.

ಯೋಚಿಸಿ ಗೆಳೆಯರೇ. ಬಂದೂಕು, ಚಾಟಿ, ಸರಪಳಿ ಎಲ್ಲ ಇದ್ದ ಸರ್ಕಾರ ಅಕ್ಷರಕ್ಕೆ ಹೆದರಿತು!

ಆದರೂ ಏನಾಯಿತು? ರಾಬರ್ಟ್ ಸ್ಮಾಲ್ಸ್ ಎಂಬ 23 ವರ್ಷದ ಗುಲಾಮನೊಬ್ಬ 1862ರ ಮೇ ತಿಂಗಳ ಒಂದು ನಸುಕಿನಲ್ಲಿ ಚಾರ್ಲ್‌ಸ್ಟನ್ ಬಂದರಿನಿಂದ ಧಣಿಗಳ ಸೇನೆಯ ಹಡಗನ್ನೇ ಹಾರಿಸಿಕೊಂಡು ಹೋದ. ಕ್ಯಾಪ್ಟನ್ನನ ಟೋಪಿ ಹಾಕಿಕೊಂಡ. ಕೋಟೆಯ ಮುಂದೆ ಸರಿಯಾದ ಸೀಟಿ ಊದಿದ. ತನ್ನವರನ್ನೆಲ್ಲ ಸ್ವಾತಂತ್ರ್ಯದ ಕಡೆಗೆ ದಾಟಿಸಿದ. ಆರು ವರ್ಷದ ನಂತರ, 1868ರಲ್ಲಿ, ಅದೇ ಚಾರ್ಲ್‌ಸ್ಟನ್‌ನಲ್ಲಿ ರಾಜ್ಯದ ಹೊಸ ಸಂವಿಧಾನ ಬರೆಯಲು ಸಭೆ ಕೂಡಿತು. ಸದಸ್ಯರಲ್ಲಿ ಹೆಚ್ಚಿನವರು ಕಪ್ಪು ಜನ. ಸ್ಮಾಲ್ಸ್ ಅಲ್ಲಿ ಕುಳಿತು ಕೇಳಿದ್ದೇನು ಗೊತ್ತೆ? ಎಲ್ಲ ಮಕ್ಕಳಿಗೂ ಸರ್ಕಾರದ ಉಚಿತ ಶಾಲೆ. ಬರೆಯಲು ಕಲಿಸಿದರೆ ದಂಡ ಹಾಕಿದ ನೆಲದಲ್ಲಿ ಶಾಲೆ ಕೊಡಿಸಿದವರು ಅದೇ ಅಕ್ಷರ ವಂಚಿತರು.

ಮೇಷ್ಟ್ರು ಕೇಳಿಸಿಕೊಂಡ ಮಾತು

ಸ್ವಾತಂತ್ರ್ಯ ಬಂತು, ಅವಮಾನ ಹೋಗಲಿಲ್ಲ. 1922ರಲ್ಲಿ ಆಂಬ್ರೋಸ್ ಗೊನ್ಸಾಲೆಸ್ ಎಂಬ ಪತ್ರಿಕೋದ್ಯಮಿ ಗಲ್ಲಾ ಕತೆಗಳ ಪುಸ್ತಕ ತಂದ. ಈ ಜನರ ದಪ್ಪ ತುಟಿ, ಚಪ್ಪಟೆ ಮೂಗಿನಿಂದಾಗಿ ಇಂಗ್ಲಿಷ್ ಹೀಗೆ ಕೆಟ್ಟಿದೆ ಎಂಬರ್ಥದಲ್ಲಿ ಬರೆದ. ಓದಿದವರು ನಂಬಿದರು.

1929ರಲ್ಲಿ ಲೊರೆಂಜೊ ಡೌ ಟರ್ನರ್ ಎಂಬ ಕಪ್ಪು ಪ್ರಾಧ್ಯಾಪಕರು ಬೇಸಿಗೆ ತರಗತಿ ನಡೆಸಲು ದಕ್ಷಿಣ ಕೆರೊಲಿನಾಕ್ಕೆ ಬಂದರು. ಅವರ ವಿಷಯ ಇಂಗ್ಲಿಷ್. ವಿದ್ಯಾರ್ಥಿಗಳು ತಮ್ಮ ತಮ್ಮಲ್ಲಿ ಆಡುವ ಮಾತು ಅವರ ಕಿವಿಗೆ ಬಿತ್ತು. ಇದು ಕೆಟ್ಟ ಇಂಗ್ಲಿಷ್ ಅಲ್ಲ, ಇಲ್ಲಿ ಬೇರೆ ಏನೋ ಇದೆ ಅನ್ನಿಸಿತು. ಆಗಿನ ಕಾಲದ ಭಾರವಾದ ಧ್ವನಿಮುದ್ರಣ ಯಂತ್ರ ಹೊತ್ತು ದ್ವೀಪ ದ್ವೀಪ ಅಲೆದರು. ಲಂಡನ್ನಿಗೆ ಹೋಗಿ ಆಫ್ರಿಕದ ಭಾಷೆಗಳನ್ನು ಕಲಿತರು. 1949ರಲ್ಲಿ ಅವರ ಪುಸ್ತಕ ಬಂತು. ಗಲ್ಲಾದಲ್ಲಿ ಆಫ್ರಿಕ ಮೂಲದ ಸಾವಿರಾರು ಪದಗಳಿವೆ ಎಂದು ಪಟ್ಟಿ ಸಮೇತ ತೋರಿಸಿದರು. ಬಹುಪಾಲು ಮನೆಯಲ್ಲಿ ಕರೆಯುವ ಹೆಸರುಗಳು. ಹೊರಗಿನವರು ಕೇಳಿದರೆ ಇಂಗ್ಲಿಷ್ ಹೆಸರು ಹೇಳಿ, ಒಳಗಿನ ಹೆಸರನ್ನು ಮುಚ್ಚಿಟ್ಟುಕೊಂಡಿದ್ದರು ಆ ಜನ. ನಂಬಿಕೆ ಬಂದ ಮೇಲೆ ಮಾತ್ರ ಟರ್ನರ್‌ಗೆ ಹೇಳಿದರು.

1930ರ ದಶಕದ ಆರಂಭದಲ್ಲಿ ಜಾರ್ಜಿಯದ ಹ್ಯಾರಿಸ್ ನೆಕ್ ಎಂಬ ಹಳ್ಳಿಯಲ್ಲಿ ಅಮೇಲಿಯಾ ಡಾಲಿ ಎಂಬ ಹೆಂಗಸು ಟರ್ನರ್‌ಗೆ ಒಂದು ಹಾಡು ಹಾಡಿಕೊಟ್ಟಳು. ಅದರ ಅರ್ಥ ಅವಳಿಗೂ ಗೊತ್ತಿರಲಿಲ್ಲ. ಅವಳ ಮನೆಯಲ್ಲಿ ತಲೆತಲಾಂತರದಿಂದ ಹೆಂಗಸರು ಹಾಡಿಕೊಂಡು ಬಂದದ್ದು. ಅದು ಸಿಯೆರಾ ಲಿಯೋನಿನ ಮೆಂಡೆ ಭಾಷೆಯದ್ದೆಂದು ಆಮೇಲೆ ತಿಳಿಯಿತು. ಎಷ್ಟೋ ವರ್ಷಗಳ ನಂತರ ಸಂಶೋಧಕರು ಆ ಧ್ವನಿಯನ್ನು ಹಿಡಿದುಕೊಂಡು ಸಿಯೆರಾ ಲಿಯೋನಿಗೆ ಹೋದರು. ಅಲ್ಲೊಂದು ಹಳ್ಳಿಯಲ್ಲಿ ಅದೇ ಹಾಡನ್ನು ಬಲ್ಲ ಹೆಂಗಸು ಸಿಕ್ಕಳು! ಸಾವಿನ ಮನೆಯಲ್ಲಿ, ಸಮಾಧಿಯ ಬಳಿ ಹಾಡುವ ಹಾಡು ಅದು. 1997ರಲ್ಲಿ ಅಮೇಲಿಯಾಳ ಮಗಳು ಮೇರಿ ಮೊರಾನ್ ಆ ಹಳ್ಳಿಗೆ ಹೋದಳು. ಮನುಷ್ಯರನ್ನು ಕದ್ದು ಮಾರಿದವರು ಅವರ ಹೆಸರು, ಊರು, ದೇವರು ಎಲ್ಲ ಕಿತ್ತುಕೊಂಡಿದ್ದರು. ಒಂದು ಹಾಡು ಮಾತ್ರ ತಪ್ಪಿಸಿಕೊಂಡಿತ್ತು. ಅದೇ ದಾರಿ ತೋರಿಸಿತು.

ಅಂಗಡಿಯ ಹಿಂದಿನ ಶಾಲೆ

ಇಂಗ್ಲಿಷ್ ಕಲಿಯಬಾರದೇ ಎಂದು ನಿಮ್ಮಲ್ಲಿ ಯಾರಾದರೂ ಕೇಳಬಹುದು. ಅದಕ್ಕೂ ಆ ಊರಿನವರೇ ಉತ್ತರ ಕೊಟ್ಟಿದ್ದಾರೆ.

1950ರ ದಶಕದಲ್ಲಿ ಅಲ್ಲಿ ಕಪ್ಪು ಜನ ಮತ ಹಾಕಬೇಕಾದರೆ ಸಂವಿಧಾನದ ತುಣುಕೊಂದನ್ನು ಓದಿ ತೋರಿಸಬೇಕಿತ್ತು. ಚಾರ್ಲ್‌ಸ್ಟನ್ ಪಕ್ಕದ ಜಾನ್ಸ್ ದ್ವೀಪದಲ್ಲಿ ಇಸಾ ಜೆಂಕಿನ್ಸ್ ಎಂಬುವರು ಕೂಲಿಯವರನ್ನು ಪಟ್ಟಣಕ್ಕೆ ಕರೆದೊಯ್ಯುವ ಬಸ್ಸು ಓಡಿಸುತ್ತಿದ್ದರು. ಬಸ್ಸಿನಲ್ಲೇ ಅವರಿಗೆ ಸಂವಿಧಾನ ಬಾಯಿಪಾಠ ಮಾಡಿಸುತ್ತಿದ್ದರು. ಸೆಪ್ಟಿಮಾ ಕ್ಲಾರ್ಕ್ ಎಂಬ ಚಾರ್ಲ್‌ಸ್ಟನ್ನಿನ ಮೇಡಂ, ಸಮಾನ ಹಕ್ಕಿನ ಸಂಘಟನೆಯ ಸದಸ್ಯತ್ವ ಬಿಡಲೊಲ್ಲೆ ಎಂದದ್ದಕ್ಕೆ 1956ರಲ್ಲಿ ಕೆಲಸ ಕಳೆದುಕೊಂಡವರು. ಇವರೆಲ್ಲ ಸೇರಿ 1957ರ ಜನವರಿಯಲ್ಲಿ ಒಂದು ಅಂಗಡಿಯ ಹಿಂದಿನ ಕೋಣೆಯಲ್ಲಿ ರಾತ್ರಿ ಶಾಲೆ ತೆರೆದರು. ಮುಂದೆ ಕಿರಾಣಿ ಅಂಗಡಿ, ಹಿಂದೆ ಅಕ್ಷರ. ಮೊದಲ ಶಿಕ್ಷಕಿ ಬರ್ನಿಸ್ ರಾಬಿನ್ಸನ್. ಅವರ ಕಸುಬು ಹೆಂಗಸರ ತಲೆಗೂದಲು ಸಿಂಗರಿಸುವುದು. ನಾನು ಟೀಚರ್ ಅಲ್ಲ, ಒಟ್ಟಿಗೆ ಕಲಿಯೋಣ ಎಂದು ಮೊದಲ ದಿನವೇ ಹೇಳಿದರು. ಹೆಸರು ಬರೆಯುವುದು, ಮನಿಯಾರ್ಡರ್ ಫಾರಂ ತುಂಬುವುದು, ಸಂವಿಧಾನ ಓದುವುದು. ಆ ಒಂದು ಕೋಣೆಯಿಂದ ಅಂಥ ಶಾಲೆಗಳು ದಕ್ಷಿಣದ ರಾಜ್ಯಗಳಲ್ಲೆಲ್ಲ ಹಬ್ಬಿದವು.

ಅವರು ಕಲಿತದ್ದು ಇಂಗ್ಲಿಷ್ ಓದುವುದನ್ನೇ. ಹಕ್ಕು ಪಡೆಯಲು ಅದು ಬೇಕಿತ್ತು. ಆದರೆ ಕಲಿಸಿದವರು ಅವರ ಮಾತನ್ನು ನೋಡಿ ನಗಲಿಲ್ಲ. ಕಲಿಯುವುದು ಬೇರೆ, ನಾಚುವುದು ಬೇರೆ. ಇದನ್ನು ಬರೆದಿಟ್ಟುಕೊಳ್ಳಿ.

ನಾಚಿಕೆ ಎಷ್ಟು ಆಳಕ್ಕೆ ಇಳಿಯುತ್ತದೆ? ಅಮೆರಿಕದ ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿ ಕ್ಲಾರೆನ್ಸ್ ಥಾಮಸ್ ಜಾರ್ಜಿಯದ ಗೀಚಿ ಹಳ್ಳಿಯಲ್ಲಿ ಹುಟ್ಟಿದವರು. ಕೋರ್ಟಿನಲ್ಲಿ ಪ್ರಶ್ನೆ ಕೇಳದೆ ಮೌನವಾಗಿ ಕೂರುವುದಕ್ಕೆ ಅವರು ಬಹಳ ಕಾಲ ಹೆಸರುವಾಸಿಯಾಗಿದ್ದರು. 2000ನೇ ಇಸವಿಯಲ್ಲಿ ಕೆಲವು ವಿದ್ಯಾರ್ಥಿಗಳು ಕಾರಣ ಕೇಳಿದರು. ಹುಡುಗನಾಗಿದ್ದಾಗ ತಮ್ಮ ಗೀಚಿ ಮಾತನ್ನು ಉಳಿದವರು ಆಡಿಕೊಳ್ಳುತ್ತಿದ್ದರು, ಆಗಿನಿಂದ ಸುಮ್ಮನೆ ಕೇಳಿಸಿಕೊಳ್ಳುವುದೇ ರೂಢಿಯಾಯಿತು ಎಂದು ಅವರು ಹೇಳಿದರು. ದೇಶದ ಅತಿ ದೊಡ್ಡ ನ್ಯಾಯಪೀಠಕ್ಕೆ ಏರಿದರೂ ಶಾಲೆಯ ಅಂಗಳದ ಆ ನಗು ಬೆನ್ನು ಬಿಡಲಿಲ್ಲ.

ನೆಲ ಹೋದರೆ ನುಡಿ ಎಲ್ಲಿ?

ಭಾಷೆ ಗಾಳಿಯಲ್ಲಿ ಬದುಕುವುದಿಲ್ಲ. ಅದಕ್ಕೆ ನೆಲ ಬೇಕು. ಗುಲಾಮಗಿರಿ ಹೋದ ಮೇಲೆ ಗಲ್ಲಾ ಜನ ದ್ವೀಪಗಳಲ್ಲಿ ತುಂಡು ತುಂಡು ಜಮೀನು ಕೊಂಡರು. ಉಯಿಲು ಬರೆಯುವ ರೂಢಿ ಇರಲಿಲ್ಲ. ಮುತ್ತಜ್ಜನ ಹೆಸರಲ್ಲೇ ಖಾತೆ. ನಮ್ಮ ಹಳ್ಳಿಗಳಲ್ಲೂ ಇದು ಇದೆ, ನಿಮಗೆ ಬಿಡಿಸಿ ಹೇಳಬೇಕಿಲ್ಲ.

ಸೇತುವೆಗಳು ಬಂದವು. ಹಿಲ್ಟನ್ ಹೆಡ್ ದ್ವೀಪಕ್ಕೆ 1956ರಲ್ಲಿ ಬಂತು. ಹಿಂದೆಯೇ ರೆಸಾರ್ಟು, ಗಾಲ್ಫ್ ಮೈದಾನ ಬಂದವು. ಪಾಲುದಾರರಲ್ಲಿ ಯಾರೋ ಒಬ್ಬ ದೂರದ ಊರಿನಲ್ಲಿರುತ್ತಾನೆ. ಅವನ ಚಿಕ್ಕ ಪಾಲನ್ನು ಹೊರಗಿನವನು ಕೊಳ್ಳುತ್ತಾನೆ. ಕೋರ್ಟಿಗೆ ಹೋಗಿ ವಿಭಾಗ ಕೇಳುತ್ತಾನೆ. ಕೋರ್ಟು ಇಡೀ ಜಮೀನನ್ನೇ ಹರಾಜಿಗೆ ಹಾಕುತ್ತದೆ. ಅಲ್ಲೇ ಹುಟ್ಟಿ ಬೆಳೆದವರು ಬೀದಿಗೆ ಬೀಳುತ್ತಾರೆ. ಹೀಗೆ ಎಷ್ಟೋ ಕುಟುಂಬಗಳು ನೆಲ ಕಳೆದುಕೊಂಡವು. ಚಾರ್ಲ್‌ಸ್ಟನ್ ನಗರದಲ್ಲೂ ಒಂದು ಕಾಲಕ್ಕೆ ಕಪ್ಪು ಜನರೇ ಹೆಚ್ಚು. ಊರು ಚೆಂದವಾದಂತೆ ಬಾಡಿಗೆ, ಮನೆಬೆಲೆ ಏರಿ ಈಗ ಅವರು ಅಲ್ಪಸಂಖ್ಯಾತರು.

2015ರ ಜೂನ್ 17ರ ರಾತ್ರಿ ಚಾರ್ಲ್‌ಸ್ಟನ್ನಿನ ಇಮ್ಯಾನುಯೆಲ್ ಚರ್ಚಿನಲ್ಲಿ ಪ್ರಾರ್ಥನೆಗೆ ಕೂತಿದ್ದ ಒಂಬತ್ತು ಮಂದಿ ಕಪ್ಪು ಜನರನ್ನು ವರ್ಣದ್ವೇಷಿಯೊಬ್ಬ ಗುಂಡಿಟ್ಟು ಕೊಂದ. ಸತ್ತವರಲ್ಲಿ ಚರ್ಚಿನ ಪಾದ್ರಿ, ರಾಜ್ಯದ ಸೆನೆಟರ್ ಕ್ಲೆಮೆಂಟಾ ಪಿಂಕ್ನಿ ಒಬ್ಬರು. ಮರು ವರ್ಷ ಅದೇ ರಾಜ್ಯ, ಪಾಲಾಗದ ಜಮೀನನ್ನು ಹಾಗೆ ಸುಲಭವಾಗಿ ಹರಾಜು ಹಾಕದಂತೆ ಕಾನೂನು ಮಾಡಿ ಅದಕ್ಕೆ ಅವರ ಹೆಸರಿಟ್ಟಿತು. 2018ರಲ್ಲಿ ನಗರಸಭೆ ಗುಲಾಮಗಿರಿಗಾಗಿ ಕ್ಷಮೆ ಕೇಳಿತು. 2020ರಲ್ಲಿ ಗುಲಾಮಗಿರಿಯನ್ನು ಸಮರ್ಥಿಸಿದ ನಾಯಕ ಕ್ಯಾಲ್‌ಹೂನನ ಪ್ರತಿಮೆಯನ್ನು ಊರ ನಡುವಿನ ಮೈದಾನದಿಂದ ಇಳಿಸಲಾಯಿತು.

ಮೊರ ಹೆಣೆಯುವ ತಾಯಿ

ಸೇತುವೆ ದಾಟಿ ಮೌಂಟ್ ಪ್ಲೆಸೆಂಟ್ ಕಡೆಗೆ ಹೋದರೆ ಹೆದ್ದಾರಿಯ ಪಕ್ಕ ಮರದ ಗೂಡಂಗಡಿಗಳು. ಹೆಂಗಸರು ಕೂತು ಸ್ವೀಟ್‌ಗ್ರಾಸ್ ಎಂಬ ಹುಲ್ಲಿನಲ್ಲಿ ಬುಟ್ಟಿ ಹೆಣೆಯುತ್ತಾರೆ. ಚಮಚದ ಹಿಡಿಯನ್ನು ತೇದು ಮಾಡಿಕೊಂಡ ದಬ್ಬಳವೇ ಸಲಕರಣೆ. ಈ ಕಸುಬು ಶುರುವಾದದ್ದು ಭತ್ತ ಕೇರುವ ಮೊರದಿಂದ. 2006ರಲ್ಲಿ ಇದು ರಾಜ್ಯದ ಅಧಿಕೃತ ಕರಕುಶಲ ಕಲೆಯಾಯಿತು. ಆದರೆ ಹುಲ್ಲು ಬೆಳೆಯುವ ಕಡಲ ದಂಡೆಗೆ ಈಗ ಬೇಲಿ, ಗೇಟು, ಕಾವಲುಗಾರ. ಗಲ್ಲಾ ಜನರ ಹೆಸರಿನಲ್ಲಿ ಊರಿನ ಗಲ್ಲಾಪೆಟ್ಟಿಗೆ ತುಂಬುತ್ತದೆ, ಹುಲ್ಲು ಕೊಯ್ಯಲು ಅವರಿಗೆ ಅಪ್ಪಣೆ ಬೇಕು.

ಅಲ್ಲೊಬ್ಬ ಎಪ್ಪತ್ತು ದಾಟಿದ ತಾಯಿಯ ಹತ್ತಿರ ಬುಟ್ಟಿ ನೋಡುತ್ತಿದ್ದೆ. ಅಮ್ಮನ ಫೋನು ಬಂತು. "ಆಮೇಲೆ ಮಾಡ್ತೀನಮ್ಮ" ಎಂದು ಮೆಲ್ಲಗೆ ಹೇಳಿ ಇಟ್ಟೆ. ಆಕೆ ಕೇಳಿದಳು, "ಅದು ಯಾವ ಭಾಷೆ?"

"ಕನ್ನಡ."

"ಕೆನಡಾದವನೇನಪ್ಪ?"

ಬಿಡಿಸಿ ಹೇಳಿದೆ. ಎಷ್ಟು ಜನ ಆಡುತ್ತಾರೆ ಎಂದಳು. ನಾಲ್ಕು ಕೋಟಿಗೂ ಹೆಚ್ಚು ಎಂದೆ. 2011ರ ಜನಗಣತಿಯ ಲೆಕ್ಕ ಅದು. ಆಕೆ ಹೆಣಿಗೆ ನಿಲ್ಲಿಸಿದಳು. "ಅಷ್ಟು ಜನ ಇದ್ದೂ ನೀನೇಕೆ ಮಗ ಪಿಸುಗುಟ್ಟಿದೆ?"

ನನ್ನಲ್ಲಿ ಉತ್ತರವಿರಲಿಲ್ಲ. ಆಕೆಯೇ ಮುಂದುವರಿಸಿದಳು. ಶಾಲೆಯಲ್ಲಿ ಗಲ್ಲಾ ಆಡಿದ್ದಕ್ಕೆ ಏಟು ತಿಂದಿದ್ದಳಂತೆ. ನನ್ನ ಮಕ್ಕಳು ಏಟು ತಿನ್ನಬಾರದು ಎಂದು ಅವರೊಡನೆ ಆ ಮಾತು ಆಡಲೇ ಇಲ್ಲವಂತೆ. ಈಗ ಮೊಮ್ಮಗಳು ಬಂದು, ಅಜ್ಜಿ ಹೇಳಿಕೊಡು ಅನ್ನುತ್ತಾಳಂತೆ. "ನಡುವಿನ ಒಂದು ಮೆಟ್ಟಿಲು ನಾನೇ ಕಿತ್ತುಬಿಟ್ಟೆ" ಅಂದಳು. ಅಂದು ರಾತ್ರಿ ನನಗೆ ನಿದ್ದೆ ಬರಲಿಲ್ಲ.

ಆ ಮೆಟ್ಟಿಲನ್ನು ಮತ್ತೆ ಕಟ್ಟುವವರು ಹುಟ್ಟಿದ್ದಾರೆ. 1979ರಲ್ಲಿ ಶುರುವಾದ ಅನುವಾದದ ಕೆಲಸ ಮುಗಿದು 2005ರಲ್ಲಿ ಬೈಬಲ್ಲಿನ ಹೊಸ ಒಡಂಬಡಿಕೆ ಗಲ್ಲಾದಲ್ಲಿ ಅಚ್ಚಾಯಿತು. 2006ರಲ್ಲಿ ನಾಲ್ಕು ರಾಜ್ಯಗಳ ಕರಾವಳಿಯನ್ನು ಗಲ್ಲಾ ಗೀಚಿ ಸಂಸ್ಕೃತಿಯ ಸೀಮೆ ಎಂದು ಅಮೆರಿಕದ ಸಂಸತ್ತು ಗುರುತಿಸಿತು. 2017ರಿಂದ ಹಾರ್ವರ್ಡ್ ವಿಶ್ವವಿದ್ಯಾಲಯದಲ್ಲಿ ಗಲ್ಲಾ ಪಾಠ ಶುರುವಾಯಿತು, ಕಲಿಸಿದವರು ಚಾರ್ಲ್‌ಸ್ಟನ್ ಸೀಮೆಯವರೇ.

ಈಗ ನಮ್ಮ ಮಾತು

ಗೆಳೆಯರೇ, ನಮ್ಮನ್ನು ಯಾರೂ ಸರಪಳಿ ಹಾಕಿ ತಂದಿಲ್ಲ. ಅವರ ನೋವನ್ನು ನಮ್ಮದೆಂದು ಹೇಳಿಕೊಳ್ಳುವ ಹಕ್ಕು ನಮಗಿಲ್ಲ. ನಮಗೆ ರಾಜ್ಯವಿದೆ, ವಿಧಾನಸಭೆಯಿದೆ, ಲಿಪಿಯಿದೆ, ಸಾವಿರ ವರ್ಷ ಮೀರಿದ ಸಾಹಿತ್ಯವಿದೆ. ಇದ್ಯಾವುದೂ ಇಲ್ಲದವರು ಒಂದು ಭಾಷೆಯನ್ನು ಮುನ್ನೂರು ವರ್ಷ ಕೈಯಲ್ಲಿ ಮುಚ್ಚಿಟ್ಟುಕೊಂಡು ಕಾಪಾಡಿದರು. ಎಲ್ಲ ಇರುವ ನಾವು ಮಾಲಿನಲ್ಲಿ, ಲಿಫ್ಟಿನಲ್ಲಿ, ಆಫೀಸಿನಲ್ಲಿ ಅಮ್ಮನ ಫೋನು ಬಂದರೆ ಪಿಸುಗುಟ್ಟುತ್ತೇವೆ!

ಇನ್ನೊಂದು ಮಾತು. ಖಾರವಾಗಿದ್ದರೂ ಕೇಳಿ. ಬೇರೆಯವರು ಕನ್ನಡವನ್ನು ಕಡೆಗಣಿಸಿದರೆ ನಾವು ಬೀದಿಗಿಳಿಯುತ್ತೇವೆ, ಸರಿ. ಆದರೆ ಬೀದರಿನ ಹುಡುಗ, ಚಾಮರಾಜನಗರದ ಹುಡುಗಿ ಹಾಸ್ಟೆಲಿನಲ್ಲಿ ಬಾಯಿ ತೆರೆದರೆ ನಗುವವರು ಯಾರು? ತುಳು, ಕೊಡವ, ಬ್ಯಾರಿ, ಲಂಬಾಣಿ ಮನೆಯ ಮಗುವಿಗೆ "ಸರಿಯಾಗಿ ಮಾತಾಡು" ಎನ್ನುವವರು ಯಾರು? ಗೊನ್ಸಾಲೆಸ್ ಎಲ್ಲೋ ದೂರದ ಅಮೆರಿಕದಲ್ಲಿ ಮಾತ್ರ ಇಲ್ಲ, ನಮ್ಮೊಳಗೂ ಕೂತಿದ್ದಾನೆ. ಮೊದಲು ಅವನನ್ನು ಎಬ್ಬಿಸಿ ಕಳಿಸೋಣ.

ನಿಮ್ಮ ಅಜ್ಜಿ ಆಡುವ, ನಿಮಗೆ ಅರ್ಥವಾಗದ ಹತ್ತು ಪದಗಳನ್ನು ಈ ವಾರ ಕೇಳಿ ಬರೆದುಕೊಳ್ಳಿ. ಅವರ ಹಾಡನ್ನು ನಿಮ್ಮ ಜೇಬಿನ ಫೋನಿನಲ್ಲಿ ಮುದ್ರಿಸಿಕೊಳ್ಳಿ. ಟರ್ನರ್ ಮೇಷ್ಟ್ರ ಹಾಗೆ ಭಾರದ ಯಂತ್ರ ಹೊರಬೇಕಿಲ್ಲ. ಮುಂದೆಂದಾದರೂ ಹಳೆಯ ಊರೊಂದನ್ನು ನೋಡಲು ಹೋದರೆ, ಗೋಡೆಯ ಮುಂದೆ ಫೋಟೊ ತೆಗೆಸಿಕೊಳ್ಳುವ ಮೊದಲು, ಈ ಗೋಡೆ ಕಟ್ಟಿದವರು ಯಾವ ಮಾತು ಆಡುತ್ತಿದ್ದರು, ಅವರ ಮಕ್ಕಳು ಈಗೆಲ್ಲಿದ್ದಾರೆ ಎಂದು ಒಮ್ಮೆ ಕೇಳಿ.

ಆ ತಾಯಿಯಿಂದ ಕೊಂಡ ಬುಟ್ಟಿ ನಮ್ಮ ಮನೆಯಲ್ಲಿದೆ. ಅಮ್ಮ ಸಂಕ್ರಾಂತಿಗೆ ಅದರಲ್ಲೇ ಎಳ್ಳು ಬೀರುತ್ತಾಳೆ. ಸಮುದ್ರದಾಚೆ ಸರಪಳಿಯಲ್ಲಿ ಬಂದವರು ಬಾಯಲ್ಲಿ ಉಳಿಸಿಕೊಂಡ ಪದವೂ ಎಳ್ಳಿನದೇ. ಎಳ್ಳು ಕೊಟ್ಟು ನಾವು ಏನನ್ನುತ್ತೇವೆ? ಎಳ್ಳು ಬೆಲ್ಲ ತಿಂದು ಒಳ್ಳೆ ಮಾತಾಡಿ ಅನ್ನುತ್ತೇವೆ.

ನಾನು ಇನ್ನೊಂದು ಸೇರಿಸುತ್ತೇನೆ. ಒಳ್ಳೆ ಮಾತಾಡಿ. ನಿಮ್ಮ ಮಾತಾಡಿ. ಜೋರಾಗಿ ಆಡಿ.